ಅಂಚು ಮುರಿದ ರೊಟ್ಟಿ

ನಾನು ಚಿಕ್ಕವಳಿದ್ದಾಗ ನಮ್ಮ ಶಿರಗುಪ್ಪಿಯಲ್ಲಿ ಮಕ್ಕಳ ಹೊಟ್ಟೆನೋವಿಗೆ ಮೂರೇ ಕಾರಣಗಳಿದ್ದವು. ಒಂದು ದೃಷ್ಟಿ, ಇನ್ನೊಂದು ಹುಳ, ಇವೆರಡೂ ಅಲ್ಲವೆಂದರೆ ಮಗು ಏನೋ ಕದ್ದು ತಿಂದಿದೆ. ದೃಷ್ಟಿಗೆ ಉಪ್ಪು ಮೆಣಸಿನಕಾಯಿ ಇಳಿಸುತ್ತಿದ್ದರು, ಹುಳಕ್ಕೆ ಶಾಲೆಯಲ್ಲೇ ಗುಳಿಗೆ ಕೊಡುತ್ತಿದ್ದರು, ಕದ್ದು ತಿಂದದ್ದಕ್ಕೆ ಬೆನ್ನಿಗೆ ಎರಡು ಬೀಳುತ್ತಿದ್ದವು. ನಾನು ಈ ಮೂರೂ ಔಷಧಿಗಳನ್ನು ಧಾರಾಳವಾಗಿ ಪಡೆದವಳು. ಗೋಧಿ ಮನುಷ್ಯರಿಗೆ ಆಗದೇ ಇರಬಹುದು ಎಂಬ ಮಾತು ಆಗ ನಮ್ಮ ಕಡೆ ಯಾರ ಕಿವಿಗೂ ಬಿದ್ದಿರಲಿಲ್ಲ. ಈಗ ನಿಪ್ಪಾಣಿಯ ಅಂಗಡಿಗಳಲ್ಲಿ ಗ್ಲುಟೆನ್ ಇಲ್ಲದ ಬಿಸ್ಕೀಟಿನ ಪಾಕೀಟು ಕಂಡಾಗಲೆಲ್ಲ ನನಗೆ ಆ ಒಂದು ದ್ರಾಕ್ಷಿ ಕೊಯ್ಲಿನ ಕಾಲ ನೆನಪಾಗುತ್ತದೆ.

ನನಗೆ ಒಂಬತ್ತು ವರ್ಷ, ನೋಡಿದವರು ಆರು ಎನ್ನುತ್ತಿದ್ದರು. ಕೈಕಾಲು ಒಣ ಜೋಳದ ದಂಟಿನಂತಿದ್ದವು, ಹೊಟ್ಟೆ ಮಾತ್ರ ನನಗಿಂತ ಮೊದಲು ಬಾಗಿಲು ದಾಟುತ್ತಿತ್ತು. ಗೆಳತಿಯರು ಗಜ್ಜುಗ ಆಡಲು ಕರೆದರೆ ಹೋಗಿ ಕೂತು, ಎರಡು ಆಟ ಮುಗಿಯುವುದರಲ್ಲಿ ಗೋಡೆಗೆ ಒರಗಿಬಿಡುತ್ತಿದ್ದೆ. ಆ ವರ್ಷ ದೀಪಾವಳಿ ಮುಗಿದ ಮೇಲೆ ಅಪ್ಪ ಅವ್ವ ನನ್ನನ್ನು ಮಿರಜಿಗೆ ಕರೆದುಕೊಂಡು ಹೋದರು. ರಕ್ತ ತೆಗೆದರು, ನಳಿಗೆ ಇಳಿಸಿ ಹೊಟ್ಟೆಯ ಒಳಗೆಲ್ಲ ನೋಡಿದರು. ಎರಡನೇ ಸಲ ಹೋದಾಗ ಡಾಕ್ಟರು ಕಾಗದ ನೋಡಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿದರು.

“ಸಿಲಿಯಾಕ್ ಅಂತ. ಗಹು ಬಂದ್, ಗೋಧಿ ಬಂದ್. ಚಪಾತಿ, ಪಾವ್, ರವಾ, ಮೈದಾ ಏನೂ ಬ್ಯಾಡ. ಜ್ವಾರಿ ಚಾಲೇಲ್, ಜೋಳ ನಡೀತದ.”

“ಎಷ್ಟ ದಿನಾರೀ ಸಾಹೇಬ್ರ?” ಎಂದ ಅಪ್ಪ.

“ದಿನ ಅಲ್ಲ. ಕಾಯಮ್.”

ಅಪ್ಪ ಗುಳಿಗೆಯ ಚೀಟಿಗಾಗಿ ಕೈ ಚಾಚಿದ. ಗುಳಿಗೆ ಇಲ್ಲ, ಊಟವೇ ಔಷಧಿ ಎಂದರು ಡಾಕ್ಟರು. ಗುಳಿಗೆ ಕೊಡದ ಡಾಕ್ಟರನ್ನು ಅಪ್ಪ ಅದೇ ಮೊದಲು ನೋಡಿದ್ದು. ಬಸ್ಸಿನಲ್ಲಿ ಬರುವಾಗ ಅವ್ವ ಕಾಗವಾಡದವರೆಗೂ ಅತ್ತಳು. “ಹೆಣ್ಣಹುಡುಗಿ, ನಾಳೆ ಒಬ್ಬರ ಮನಿ ಬೆಳಗಾಕಿ, ಹೋಳಿಗಿ ಉಣ್ಣಂಗಿಲ್ಲಂದ್ರ ಹೆಂಗ್ರೀ?” ಎಂಬುದು ಅವಳ ದುಃಖ. ನನ್ನ ದುಃಖ ಅದಕ್ಕಿಂತ ಚಿಕ್ಕದು, ಚಹಾದಲ್ಲಿ ಅದ್ದುವ ಖಾರಿ ಬಿಸ್ಕೀಟಿನದು.

ಮನೆಯಲ್ಲಿ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಎಲ್ಲ ಕೇಳಿಸಿಕೊಂಡು ತನ್ನ ಚಂಚಿ ಬಿಚ್ಚಿ ಎಲೆಗೆ ಸುಣ್ಣ ಸವರಿದಳು. ಆ ಎಲೆಯಡಿಕೆಯ ಚೀಲ ಸದಾ ಅವಳ ಸೊಂಟದಲ್ಲೇ ಇರುತ್ತಿತ್ತು. “ಅದಕ್ಯಾಕ ಅಳತಿ?” ಎಂದು ಅವ್ವನನ್ನೇ ಗದರಿದಳು. “ನಮ್ಮ ಸಣ್ಣಂದಿನಾಗ ಗೋಧಿ ಯಾರ ಮನ್ಯಾಗ ಇತ್ತು? ಹಬ್ಬಕ್ಕೊಮ್ಮೆ ಅದರ ಮಾರಿ ನೋಡತಿದ್ವಿ. ನಾ ಜ್ವಾಳಾ ಉಂಡ ಆರ ಮಂದಿನ ಹಡದೀನಿ. ಈಕಿನೂ ಜ್ವಾಳಾ ಉಂಡ ಬೆಳೀತಾಳ, ಬಿಡ.”

ಆಯಿ ಹಾಗೆ ಹೇಳಿದ್ದು ಬರೀ ಸಮಾಧಾನಕ್ಕಲ್ಲ. ಅವಳ ರೊಟ್ಟಿಗೆ ಓಣಿಯಲ್ಲಿ ಹೆಸರಿತ್ತು. ಬಿಸಿಲಿಗೆ ಹಿಡಿದರೆ ಆಚೆಯ ಬೆಳಕು ಕಾಣುವಷ್ಟು ತೆಳು, ಅಂಚು ಬಳೆಯ ಹಾಗೆ ದುಂಡು. ಜೋಳ ಹಳತಾದರೆ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ, ಅಂಟು ಹಿಡಿಯದೆ ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತದೆ. ಆಗ ಕೆಲವರು ಒಂದು ಹಿಡಿ ಗೋಧಿಹಿಟ್ಟು ಕಲಸಿಬಿಡುತ್ತಿದ್ದರು. ಆಯಿಗೆ ಅಂಥವರನ್ನು ಕಂಡರೆ ನಗು. “ಗೋಧಿ ಹಾಕಿ ಬಡ್ಯಾಕ ಕೈಯಾದ್ರೂ ಯಾಕ ಬೇಕು?” ಎನ್ನುತ್ತಿದ್ದಳು.

ಹೀಗೆ ನನ್ನ ಹೊಸ ಊಟ ಶುರುವಾಯಿತು. ನಿಜ ಹೇಳಬೇಕೆಂದರೆ ಅಷ್ಟೇನೂ ಕಷ್ಟವಾಗಲಿಲ್ಲ. ನಮ್ಮದು ಮೊದಲೇ ರೊಟ್ಟಿಯ ಮನೆ. ಬೆಳಿಗ್ಗೆ ಬಿಸಿ ರೊಟ್ಟಿ, ಮೇಲೆ ಶೇಂಗಾ ಚಟ್ನಿ, ಅದರ ಗುಂಡಿಯಲ್ಲಿ ಎಣ್ಣೆ, ಪಕ್ಕದಲ್ಲಿ ಗಟ್ಟಿ ಮೊಸರು. ಮಧ್ಯಾಹ್ನ ಝುಣಕ, ಸಂಜೆಗೆ ನುಚ್ಚು. ಶಾಲೆಯ ಡಬ್ಬಿಗೆ ಚಪಾತಿಯ ಬದಲು ಸಾಬೂದಾಣಿ ಖಿಚಡಿ ಬಂತು. ನಮ್ಮ ಕಡೆ ಅದು ಉಪವಾಸದ ಊಟ. ಗೆಳತಿಯರು ದಿನಾ ಡಬ್ಬಿ ಇಣುಕಿ, “ಇವತ್ತ ಯಾವ ದೇವರದವಾ?” ಎಂದು ಕೇಳುತ್ತಿದ್ದರು. ಸೋಮವಾರ ಮಹಾದೇವ, ಮಂಗಳವಾರ ಅಂಬಾಬಾಯಿ, ಗುರುವಾರ ದತ್ತ ಎಂದು ನಾನು ಒಬ್ಬೊಬ್ಬ ದೇವರಿಗೂ ಪಾಳಿ ಹಚ್ಚಿದ್ದೆ. ವಾರದೊಳಗೆ ಅರ್ಧ ತರಗತಿ ನನ್ನ ಡಬ್ಬಿಗೆ ಕೈ ಹಾಕಿ ದೇವರ ಪ್ರಸಾದವೆಂದು ತಿನ್ನತೊಡಗಿತು.

ಒಂದು ತಿಂಗಳಿಗೆಲ್ಲ ಹೊಟ್ಟೆ ಇಳಿಯಿತು. ಗಜ್ಜುಗದಲ್ಲಿ ನಾನೇ ಗೆಲ್ಲತೊಡಗಿದೆ. ಆಯಿ ವಾರಕ್ಕೊಮ್ಮೆ ನನ್ನ ರಟ್ಟೆ ಹಿಸುಕಿ ನೋಡಿ, “ಮಾಂಸ ಹಿಡಿಯಾಕತ್ತೈತಿ” ಎಂದು ಊರಿಗೆಲ್ಲ ಸಾರುತ್ತಿದ್ದಳು.

ಆಮೇಲೆ ಎಳ್ಳಮಾವಾಸ್ಯೆ ಬಂತು. ಹೊಲದಲ್ಲಿ ಪೂಜೆ, ಬುತ್ತಿಯ ಗಂಟುಗಳು, ಬೆಂಕಿಯಲ್ಲಿ ಸುಟ್ಟ ಎಳೆ ಜೋಳದ ಸೀತನಿಯ ಹಸಿರು ವಾಸನೆ. ನನಗೆಂದೇ ಅವ್ವ ಸಜ್ಜಿ ಕಡಬು ಮಾಡಿದ್ದಳು. ಆದರೆ ಪಕ್ಕದ ಬುಟ್ಟಿಯಲ್ಲಿ ಶೇಂಗಾ ಹೋಳಿಗೆ ಇತ್ತು, ಅದರ ಮೇಲೆ ತುಪ್ಪ ಇತ್ತು. ನಾನು ಎರಡು ಹೋಳಿಗೆಗಳನ್ನು ಲಂಗದಲ್ಲಿ ಮುಚ್ಚಿಕೊಂಡು ಕಬ್ಬಿನ ಸಾಲಿಗೆ ನುಗ್ಗಿ, ಉಸಿರು ಬಿಡದೆ ತಿಂದೆ. ಸಂಜೆಯೊಳಗೆ ಹೊಟ್ಟೆ ಹಿಡಿದುಕೊಂಡು ಒದ್ದಾಡಿದೆ, ನಾನೇ ಬಾಯಿಬಿಟ್ಟು ಒಪ್ಪಿಕೊಂಡೆ. ಅವತ್ತು ಯಾರೂ ಹೊಡೆಯಲಿಲ್ಲ. ಆದರೆ ಮನೆಯಲ್ಲಿ ನನ್ನ ಹೆಸರು ಕಳ್ಳಿ ಎಂದಾಯಿತು. ಅಪ್ಪ ಗೋಧಿಹಿಟ್ಟಿನ ಡಬ್ಬಿ, ಬಿಸ್ಕೀಟು, ಖಾರಿ ಎಲ್ಲವನ್ನೂ ಅಜ್ಜನ ಕಾಲದ ಕಟ್ಟಿಗೆ ಪೆಟ್ಟಿಗೆಗೆ ಹಾಕಿ ಕೀಲಿ ಜಡಿದ. ಕೀಲಿಯನ್ನು ಆಯಿಯ ಕೈಗೆ ಕೊಟ್ಟ. ಆಯಿ ಅದನ್ನು ತನ್ನ ಚಂಚಿಯೊಳಗೆ ಅಡಿಕೆಯ ಜೊತೆ ಇಟ್ಟುಕೊಂಡಳು.

ದ್ರಾಕ್ಷಿಯ ಕೊಯ್ಲು ಶುರುವಾದರೆ ನಮ್ಮ ಮನೆಯ ನಡೆಯೇ ಬದಲಾಗುತ್ತಿತ್ತು. ಎರಡು ಎಕರೆ ತೋಟದ ಹಣ್ಣು ಕೊಯ್ದು, ಎಣ್ಣೆ ಪುಡಿ ಕಲಸಿದ ನೀರಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಗಳ ಮೇಲೆ ಹರವಿ ಒಣದ್ರಾಕ್ಷಿ ಮಾಡಬೇಕು. ಅವ್ವ ನಸುಕಿನಲ್ಲೇ ಎದ್ದು ಅಪ್ಪನ ಜೊತೆ ತೋಟಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅವಳ ಸೀರೆಗೆ ಹಣ್ಣಿನ ಹುಳಿಸಿಹಿ ವಾಸನೆ ಅಂಟಿರುತ್ತಿತ್ತು. ಬೇರೆ ದಿನಗಳಲ್ಲಿ ಅತ್ತೆ ಸೊಸೆ ಇಬ್ಬರೂ ಸೇರಿ ಮಾಡುತ್ತಿದ್ದ ಅಡಿಗೆ ಆ ದಿನಗಳಲ್ಲಿ ಪೂರಾ ಆಯಿಯ ಪಾಲಿಗೆ ಬರುತ್ತಿತ್ತು.

ಕೊಯ್ಲು ಶುರುವಾಗಿ ಹತ್ತು ದಿನಕ್ಕೆ ನನಗೆ ಮತ್ತೆ ಹೊಟ್ಟೆನೋವು ಬಂತು.

“ಏನ ತಿಂದಿ ರೂಪಾ?” ಎಂದಳು ಅವ್ವ.

“ಏನೂ ತಿಂದಿಲ್ಲಬೇ. ರೊಟ್ಟಿ ತಿಂದೀನಿ, ಮಸರು ತಿಂದೀನಿ.”

“ಖರೇ ಹೇಳ.”

“ಲಕ್ಷ್ಮವ್ವನ ಆಣಿ, ಏನೂ ತಿಂದಿಲ್ಲ.”

ಒಮ್ಮೆ ಕದ್ದವಳ ಆಣೆಗೆ ಎಷ್ಟು ಬೆಲೆಯೋ ಅಷ್ಟೇ ಬೆಲೆ ನನ್ನ ಆಣೆಗೂ ಸಿಕ್ಕಿತು. ಅವ್ವ ಪಾಟಿಚೀಲ ಕೊಡವಿ ನೋಡಿದಳು, ನನ್ನ ಅಂಗೈ ಮೂಸಿದಳು, ಬಾಯಿ ತೆರೆಸಿದಳು. ಅಪ್ಪನಿಗೆ ಮಾತ್ರ ನನ್ನ ಮೇಲೆ ಸ್ವಲ್ಪ ಕರುಣೆ ಇತ್ತು. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸುತ್ತಾರಲ್ಲ, ಅದರಿಂದ ಇರಬಹುದು ಎಂದು ಅವನಿಗೆ ಹೊಳೆಯಿತು. ಮರುದಿನ ಗಿರಣಿ ತೆರೆಯುವ ಮೊದಲೇ ಹೋಗಿ ನಿಂತು, ಕಲ್ಲು ಝಾಡಿಸಿ ಸ್ವಚ್ಛ ಮಾಡಿಸಿ, ಮೊದಲು ಬಂದ ಎರಡು ಸೇರು ಹಿಟ್ಟನ್ನು ಎಮ್ಮೆಗೆಂದು ಬೇರೆ ತೆಗೆಸಿ, ಆಮೇಲಿನದನ್ನು ನನಗೆಂದು ಹೊಸ ಡಬ್ಬಿಯಲ್ಲಿ ತಂದ. ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡೆವು. ನಾಲ್ಕೇ ದಿನಕ್ಕೆ ನಾನು ಮತ್ತೆ ಮುದುಡಿ ಮಲಗಿದೆ.

ಈಗ ಗಿರಣಿಯೂ ನಿರಪರಾಧಿ ಎಂದಾಯಿತು. ಉಳಿದವಳು ನಾನೊಬ್ಬಳೇ. ಅವತ್ತು ಅವ್ವ ಹೊಡೆದಳು. ಅವ್ವನ ಕೈ ದೊಡ್ಡದೇನಲ್ಲ, ದಿನವಿಡೀ ದ್ರಾಕ್ಷಿ ಕೊಯ್ದ ಕೈ ಬೇರೆ. ಆದರೆ ಆ ಪೆಟ್ಟು ನನಗೆ ಈಗಲೂ ನೆನಪಿದೆ, ಯಾಕೆಂದರೆ ನಾನು ನಿಜ ಹೇಳುತ್ತಿದ್ದೆ. “ಯಾರ ಮನ್ಯಾಗ ತಿಂತಿ ಹೇಳ, ಯಾರ ಕೊಡತಾರ ಹೇಳ” ಎಂದು ಅವಳು ಅಳುತ್ತಲೇ ಹೊಡೆದಳು. ಆಯಿ ನಡುವೆ ಬಂದು ನನ್ನನ್ನು ಸೆರಗಿನೊಳಗೆ ಎಳೆದುಕೊಂಡಳು. “ಸಣ್ಣ ಕೂಸು, ಬಿಡವಾ. ಬಾಯಿ ಚಪಲ ಇರತೈತಿ” ಎಂದಳು. ನನ್ನ ಪರವಾಗಿ ನಿಂತ ಆಯಿಗೂ ನಾನು ಕದ್ದಿದ್ದೇನೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಅದು ಪೆಟ್ಟಿಗಿಂತ ಹೆಚ್ಚು ನೋವಾಯಿತು. ಇನ್ನು ಮನೆಯಲ್ಲಿ ಯಾರೂ ನನ್ನ ಮಾತು ನಂಬುವುದಿಲ್ಲ, ಹೊಟ್ಟೆಯೂ ವಾಸಿಯಾಗುವುದಿಲ್ಲ ಎಂದು ಅವತ್ತು ಗಟ್ಟಿಯಾಗಿ ಅನಿಸಿಬಿಟ್ಟಿತು.

ಮರುದಿನ ಶಾಲೆಗೆ ಹೋಗುವ ಶಕ್ತಿ ಇರಲಿಲ್ಲ. ನಡುಮನೆಯಲ್ಲಿ ಕೌದಿ ಹೊದ್ದು ಮಲಗಿದ್ದೆ. ಅಲ್ಲಿಂದ ಅಡಿಗೆಮನೆಯ ಒಲೆ ಕಾಣುತ್ತಿತ್ತು. ಆಯಿ ಪರಾತದಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಆ ಸಪ್ಪಳ ನನಗೆ ಬಾಯಿಪಾಠವಿತ್ತು, ಒಂದೇ ಸಮನೆ ಹೋಗಿ, ರೊಟ್ಟಿ ಹಿಗ್ಗುತ್ತ ಬಂದಂತೆ ಮೆತ್ತಗಾಗುವ ಸಪ್ಪಳ. ಅವತ್ತು ಅದು ನಡುನಡುವೆ ನಿಲ್ಲುತ್ತಿತ್ತು. ಕೌದಿಯ ಸಂದಿಯಿಂದ ನೋಡಿದೆ. ರೊಟ್ಟಿಯ ಅಂಚು ಬಿರಿದಿತ್ತು. ಆಯಿ ಅದನ್ನು ಬೆರಳಿಂದ ಒತ್ತಿ ಕೂಡಿಸಿದಳು, ಇನ್ನೊಂದು ಕಡೆ ಬಿರಿಯಿತು. ಹಿಟ್ಟನ್ನು ಮುದ್ದೆ ಮಾಡಿ ಮತ್ತೆ ಬಡಿದಳು. ಎತ್ತಿ ಹಂಚಿಗೆ ಹಾಕುವಾಗ ನಡುವೆಯೇ ಹರಿದು ಅರ್ಧ ಕೈಯಲ್ಲಿ ಉಳಿಯಿತು.

ಅವಳು ಒಮ್ಮೆ ನನ್ನ ಕಡೆ ನೋಡಿದಳು. ನಾನು ಕಣ್ಣು ಮುಚ್ಚಿದೆ. ಚಂಚಿ ಬಿಚ್ಚಿದ ಸದ್ದು, ಕಟ್ಟಿಗೆ ಪೆಟ್ಟಿಗೆಯ ಕೀಲಿ ತಿರುವಿದ ಸದ್ದು. ಕಣ್ಣು ತೆರೆದಾಗ ಆಯಿ ಒಂದು ಹಿಡಿ ಹಿಟ್ಟು ತಂದು ಪರಾತಕ್ಕೆ ಉದುರಿಸುತ್ತಿದ್ದಳು.

ಸುಳ್ಳು ಯಾಕೆ ಹೇಳಲಿ, ಮೊದಲು ನನಗಾದದ್ದು ಖುಷಿ. ಕಳ್ಳಿ ಸಿಕ್ಕಳು, ನಾನಲ್ಲ! ಹೊಟ್ಟೆನೋವೆಲ್ಲ ಮರೆತು ಎದ್ದು ಹೋಗಿ ಒಲೆಯ ಮುಂದೆ ನಿಂತೆ.

“ಆಯಿ, ಅದು ಗೋಧಿಹಿಟ್ಟ ಅಲ್ಲೇನ?”

ಆಯಿ ಬೆಚ್ಚಿದಳು. “ನಿದ್ದಿ ಹತ್ತಿಲ್ಲೇನ ನಿನಗ?”

“ನನ್ನ ರೊಟ್ಟಿಗೆ ಗೋಧಿ ಹಾಕಾಕತ್ತೀಯೇನ?”

“ಗೋಧಿ ಎಲ್ಲೇತಿ ಅದರಾಗ? ಒಂದ ಹಿಡಿ. ಅದು ತಿನ್ನಾಕ ಹಾಕೂದಲ್ಲವಾ, ಜಿಗಿ ಬರಾಕ ಹಾಕೂದು.”

ಅವಳು ನಾಟಕ ಮಾಡುತ್ತಿರಲಿಲ್ಲ. ಅವಳ ತಿಳಿವಳಿಕೆಯಲ್ಲಿ ಚಪಾತಿ ಎಂದರೆ ಗೋಧಿ, ಹೋಳಿಗೆ ಎಂದರೆ ಗೋಧಿ. ಜೋಳದ ಹಿಟ್ಟಿನೊಳಗೆ ಕಾಣದೆ ಹೋಗುವ ಒಂದು ಹಿಡಿಯನ್ನು ಅವಳು ಊಟವೆಂದೇ ಎಣಿಸಿರಲಿಲ್ಲ. ಕೈಯ ಕೆಲಸಕ್ಕೆ ಬೇಕಾದ ಸಾಮಾನು ಅದು, ಅಷ್ಟೇ.

“ಯಾವಾಗಿಂದ ಹಾಕಾಕತ್ತೀ?”

“ಕೊಯ್ಲು ಸುರು ಆದಾಗಿಂದ. ಹೊಸ ಜ್ವಾಳ ಇನ್ನೂ ರಾಶಿ ಆಗಿಲ್ಲ, ಹಳೇ ಹಿಟ್ಟು ಹಿಡಿಯಂಗಿಲ್ಲ...”

“ಆಯಿ, ನನಗೂ ಅವಾಗಿಂದನ ಹೊಟ್ಟಿ ಬ್ಯಾನಿ.” ನನ್ನ ದನಿ ಏರಿತು. “ನಾ ಏನೂ ತಿಂದಿರಲಿಲ್ಲ. ಅವ್ವ ನನಗ ಹೊಡದಳು. ನೀನೂ ನನ್ನ ಕಳ್ಳಿ ಅಂದಿ.”

ನನ್ನ ಮಾತು ಆಯಿಗೆ ನಿಧಾನವಾಗಿ ಅರ್ಥವಾಯಿತು. ಪರಾತದಲ್ಲಿದ್ದ ಕೈ ಅಲ್ಲೇ ನಿಂತಿತು. ಆಗ ನಾನು ಆ ಕೈಯನ್ನು ನೋಡಿದೆ. ಬೆರಳ ಗೆಣ್ಣುಗಳು ಬಾತು ಅಡ್ಡಡ್ಡ ತಿರುಗಿದ್ದವು. ದಿನಾ ನನ್ನ ತಲೆ ಬಾಚುತ್ತಿದ್ದ ಕೈ ಅದು, ನಾನು ಯಾವತ್ತೂ ನೋಡಿರಲಿಲ್ಲ.

“ಇವು ಮಡಚಂಗಿಲ್ಲವಾ,” ಎಂದಳು ಆಯಿ. “ಬಡದ್ರ ರೊಟ್ಟಿ ತಿರಗಂಗಿಲ್ಲ, ಹರೀತಾವ. ಹರಕ ರೊಟ್ಟಿ ನಿನ್ನ ತಾಟಿಗೆ ಹೆಂಗ ಹಾಕ್ಲಿ ಅಂತ...” ಹಿಟ್ಟು ಮೆತ್ತಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ನನ್ನ ಸಿಟ್ಟು ಇಳಿದಿರಲಿಲ್ಲ. ಆದರೆ ಖುಷಿ ಹೋಗಿತ್ತು. ಓಣಿಯ ಹೆಂಗಸರನ್ನು ನೋಡಿ ನಗುತ್ತಿದ್ದ ಆಯಿ ಈಗ ತಾನೇ ಗೋಧಿ ಕಲಸುತ್ತಾಳೆ ಎಂದು ಅವ್ವನಿಗೆ ಗೊತ್ತಾದರೆ ಏನಾಗುತ್ತದೆ ಎಂಬುದು ಒಂಬತ್ತು ವರ್ಷದ ನನಗೂ ತಿಳಿಯುತ್ತಿತ್ತು. ಹೇಳಬೇಡ ಎಂದು ಅವಳು ಕೇಳಿಕೊಂಡರೆ ಹೇಳುವುದಿಲ್ಲ ಎಂದು ತೀರ್ಮಾನಿಸಿದೆ. ಇಡೀ ದಿನ ಅವಳು ಕೇಳಿಕೊಳ್ಳಲಿ ಎಂದು ಕಾದೆ. ಅವಳು ಕೇಳಲಿಲ್ಲ. ಆ ಹಿಟ್ಟನ್ನು ಎಮ್ಮೆಗೆ ಹಾಕಿ, ಪರಾತ ಹಂಚು ತಿಕ್ಕಿ ತೊಳೆದು, ನನಗೆ ಅನ್ನ ಮಜ್ಜಿಗೆ ಕಲಸಿ ಉಣಿಸಿದಳು.

ಸಂಜೆ ಅಪ್ಪ ಅವ್ವ ಬಂದು ಕೈಕಾಲು ತೊಳೆದು ಊಟಕ್ಕೆ ಕೂತರು. ಆಯಿ ರೊಟ್ಟಿಯ ಬುಟ್ಟಿ ತಂದಿಟ್ಟಳು. ಎಲ್ಲ ಹರಕು ರೊಟ್ಟಿಗಳು, ಒಂದೂ ದುಂಡಗಿರಲಿಲ್ಲ. ಬುಟ್ಟಿಯ ಪಕ್ಕದಲ್ಲಿ ಪೆಟ್ಟಿಗೆಯ ಕೀಲಿ ಇಟ್ಟಳು.

“ಕಳ್ಳಿ ರೂಪಾ ಅಲ್ಲ,” ಎಂದಳು. “ನಾನು. ರೊಟ್ಟಿ ಹರೀತಾವಂತ ಈಕಿ ಹಿಟ್ಟಿಗೂ ಗೋಧಿ ಕಲಸೀನಿ.”

ಅಪ್ಪ ಕೀಲಿ ನೋಡಿದ, ತಾಯಿಯ ಮುಖ ನೋಡಿದ, ಕೊನೆಗೆ ತಾಟು ನೋಡುತ್ತ ಕೂತ. ಅವ್ವ ಮಾತ್ರ ತಡೆಯಲಿಲ್ಲ. “ನನಗೊಂದ ಮಾತ ಹೇಳಬಾರದಾಗಿತ್ತೇನ್ರೀ ಅತ್ತಿ? ನಸಿಕಿನ್ಯಾಗ ನಾನ ಬಡದಿಟ್ಟ ಹೋಗತಿದ್ನಲ್ಲ!”

“ಹೆಂಗ ಹೇಳ್ಲಿ?” ಎಂದಳು ಆಯಿ. “ರೊಟ್ಟಿ ಬಡ್ಯಾಕ ಆಗವಲ್ದು ಅಂತ ಸೊಸಿ ಮುಂದ ಹೆಂಗ ಹೇಳ್ಲಿ?”

ಅವ್ವ ಬುಟ್ಟಿಯಿಂದ ಅತಿ ಹರಕಾದ ರೊಟ್ಟಿಯನ್ನು ತೆಗೆದು ತನ್ನ ತಾಟಿಗೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರ ಮುಂದೆ, “ತಪ್ಪಾತು ರೂಪಾ” ಎಂದಳು. ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರಿಗೆ ಆ ಮಾತು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಆಯಿ ನನ್ನನ್ನು ಒಲೆಯ ಮುಂದೆ ಕೂರಿಸಿದಳು. “ನನ್ನ ಕೈ ಸೋತಾವ, ಬಾಯಿ ಸೋತಿಲ್ಲ. ನಾ ಹೇಳತೀನಿ, ನೀ ಬಡಿ.” ಹಳೆಯ ಹಿಟ್ಟಿಗೆ ಕುದಿಯುವ ಎಸರು ಹಾಕಬೇಕು, ಕೈ ಸುಡುವಷ್ಟು ಬಿಸಿ ಇರುವಾಗಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು, ಆಗ ಜೋಳವೇ ಜಿಗಿ ಬಿಡುತ್ತದೆ. ನನ್ನ ಮೊದಲ ಆರು ರೊಟ್ಟಿಗಳನ್ನು ಎಮ್ಮೆ ಸಂತೋಷದಿಂದ ತಿಂದಿತು. ನಾಲ್ಕನೇ ದಿನ ಒಂದು ರೊಟ್ಟಿ ಹರಿಯದೆ ಹಂಚು ಮುಟ್ಟಿತು, ಉಬ್ಬಿತು. ದಪ್ಪಗಿತ್ತು, ಸೊಟ್ಟಗಿತ್ತು. ಆಯಿ ಅದನ್ನು ತಟ್ಟೆಯಲ್ಲಿಟ್ಟುಕೊಂಡು ನಾಲ್ಕು ಮನೆಗೆ ತೋರಿಸಿ ಬಂದಳು. ನನಗೆ ಯಾಕೆ ಕಲಿಸಬೇಕಾಯಿತು ಎಂಬುದನ್ನೂ ತಾನೇ ಹೇಳಿ ಬಂದಳು.

ಯುಗಾದಿಯ ಹೊತ್ತಿಗೆ ನನ್ನ ಹೊಟ್ಟೆ ಸರಿಯಾಗಿತ್ತು. ಎಲ್ಲರೂ ಹೋಳಿಗೆ ಉಂಡರೆ ನಾನು ಒಳಗಿನ ಹೂರಣವನ್ನಷ್ಟೇ ಬಟ್ಟಲಲ್ಲಿ ಹಾಕಿಕೊಂಡು, ತುಪ್ಪ ಸುರಿದುಕೊಂಡು ಉಂಡೆ. ಹೋಳಿಗೆಯಲ್ಲಿ ರುಚಿ ಇರುವುದು ಅಲ್ಲೇ, ಮೇಲಿನದು ಬರೀ ಅಂಗಿ ಎಂದು ಅವತ್ತೇ ತೀರ್ಮಾನಿಸಿದ್ದೇನೆ. ಆಮೇಲೆ ಎಷ್ಟೋ ಮದುವೆಗಳಿಗೆ ಆಯಿಯ ಜೊತೆ ಹೋದೆ. ಪಂಕ್ತಿಯಲ್ಲಿ ಅವಳು ಬಟ್ಟೆಯ ಗಂಟು ಬಿಚ್ಚಿ ನನ್ನ ಎಲೆಗೆ ರೊಟ್ಟಿ ಬಡಿಸಿ, “ನಮ್ಮ ಹುಡುಗಿಗೆ ಗೋಧಿ ನಡಿಯಂಗಿಲ್ಲ” ಎಂದು, ಅದೇನೋ ನನಗೆ ಸಿಕ್ಕ ಪದವಿಯೆಂಬಂತೆ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಳು.

ಆ ಘಟನೆಯ ನಂತರ ಆಯಿ ಒಂದು ಹೊಸ ರೂಢಿ ಹಾಕಿಕೊಂಡಳು. ನನ್ನ ತಾಟಿಗೆ ರೊಟ್ಟಿ ಬೀಳುವ ಮೊದಲು ಅದರ ಅಂಚು ಮುರಿದು ನೋಡುತ್ತಿದ್ದಳು. ಗೋಧಿ ಇದ್ದರೆ ಜಗ್ಗುತ್ತದೆ, ಬರೀ ಜೋಳವಾದರೆ ಪಟ್ಟನೆ ಮುರಿಯುತ್ತದೆ. ಮುರಿದದ್ದನ್ನು ತಾನು ಬಾಯಿಗೆ ಹಾಕಿಕೊಂಡು, ಅಗಿದು, “ಹೂಂ, ಉಣ್ಣ” ಎಂದ ಮೇಲೆಯೇ ನಾನು ಉಣ್ಣಬೇಕು. ನಾನೇ ಬಡಿದ ರೊಟ್ಟಿಯನ್ನೂ ಬಿಡುತ್ತಿರಲಿಲ್ಲ.

“ನಾನ ಬಡದೀನಲ್ಲ ಆಯಿ, ನಂಬಿಕಿ ಇಲ್ಲೇನ?” ಎಂದರೆ, “ನಿನ್ನ ಮ್ಯಾಲ ಐತಿ. ನನ್ನ ಮ್ಯಾಲ ಇಲ್ಲ” ಎನ್ನುತ್ತಿದ್ದಳು. ನಾನು ಕಾಲೇಜಿಗೆ ಹೋಗುವಾಗಲೂ, ಮದುವೆಯಾಗಿ ನಿಪ್ಪಾಣಿಗೆ ಬಂದು ತವರಿಗೆ ಹೋದಾಗಲೂ ಇದು ತಪ್ಪಲಿಲ್ಲ. ನನ್ನ ತಾಟಿನ ರೊಟ್ಟಿ ಯಾವಾಗಲೂ ಒಂದು ತುತ್ತು ಕಡಿಮೆ.

ಈಗ ನನ್ನ ಬದುಕು ಸಲೀಸು. ಮನೆಯಲ್ಲೇ ಚಿಕ್ಕ ಗಿರಣಿ ಇದೆ, ಅದರೊಳಗೆ ಗೋಧಿಯ ಒಂದು ಕಾಳೂ ಹೋಗುವುದಿಲ್ಲ. ಇಂಗಿಗೂ ಗೋಧಿಹಿಟ್ಟು ಬೆರೆಸುತ್ತಾರೆ, ಅದರ ಡಬ್ಬಿಯ ಹಿಂದೆ ಏನು ಬರೆದಿದೆ ಎಂಬುದನ್ನು ನನ್ನ ಗಂಡ ನನಗಿಂತ ಮೊದಲು ಓದುತ್ತಾನೆ. ಮದುವೆಮನೆಗಳಲ್ಲಿ ಕೇಳಿದರೆ ಬೇರೆ ಪಾತ್ರೆಯಲ್ಲಿ ಅಡಿಗೆ ತೆಗೆದಿಡುತ್ತಾರೆ. ಯಾರೂ ಕಳ್ಳಿ ಎನ್ನುವುದಿಲ್ಲ, ಹೊಟ್ಟೆ ನೋಯುವುದಿಲ್ಲ. ನನ್ನ ರೊಟ್ಟಿಯನ್ನು ಬಿಸಿಲಿಗೆ ಹಿಡಿದರೆ ಆಚೆಯ ಬೆಳಕು ಕಾಣುತ್ತದೆ ಎಂದು ನಿಪ್ಪಾಣಿಯ ನಮ್ಮ ಓಣಿಯವರು ಹೇಳುತ್ತಾರೆ, ನಾನು ಅಲ್ಲವೆನ್ನುವುದಿಲ್ಲ.

ಆಯಿ ಹೋಗಿ ಆರು ವರ್ಷವಾಯಿತು. ದಿನಾ ಒಲೆಯ ಮುಂದಿನಿಂದ ಎದ್ದು, ನಾನೇ ಬಡಿಸಿಕೊಂಡು ಊಟಕ್ಕೆ ಕೂರುತ್ತೇನೆ. ಈಗ ನನ್ನ ತಾಟಿಗೆ ಇಡೀ ರೊಟ್ಟಿಯೇ ಬೀಳುತ್ತದೆ.